ಹತ್ತದೆ ಬಿಟ್ಟ ಗುಡ್ಡ

ಚಳ್ಳಕೆರೆಯ ಕಾಲೇಜು ಮೈದಾನದಲ್ಲಿ ನಾನು ನಡೆಯಲು ಶುರು ಮಾಡಿದ್ದು ಸಕ್ಕರೆ ಕಾಯಿಲೆಯಿಂದಾಗಿ. ಆಗ ನನಗೆ ನಲವತ್ತೆರಡು ವರ್ಷ. ಬೆಳಗಿನ ನಮಾಜು ಮುಗಿಸಿ, ಒಲೆಯ ಮೇಲಿನ ಹಾಲನ್ನು ಅತ್ತೆಯ ಉಸ್ತುವಾರಿಗೆ ಬಿಟ್ಟು, ತಲೆಗೆ ದುಪಟ್ಟಾ ಬಿಗಿದುಕೊಂಡು ಹೊರಟರೆ ಏಳರೊಳಗೆ ಮನೆಗೆ ವಾಪಸ್ಸಾಗಬೇಕಿತ್ತು. ಆಮೇಲೆ ಮೊಳಕಾಲ್ಮೂರಿನ ಬಸ್ಸು ಹಿಡಿಯಬೇಕು. ಅಲ್ಲಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಹಾಗಾಗಿ ನಿಧಾನವಾಗಿ ನಡೆಯುವಷ್ಟು ಪುರುಸೊತ್ತೇ ಇರಲಿಲ್ಲ. ದಾಪುಗಾಲು ಹಾಕಿಕೊಂಡು ಮೈದಾನ ಸುತ್ತುತ್ತಿದ್ದೆ.

ಅದನ್ನು ಗಮನಿಸಿದವರು ಎಣ್ಣೆ ಮಿಲ್ಲಿನ ಸಾಹುಕಾರರು. ಅರವತ್ತು ದಾಟಿದವರು, ಹಣೆಗೆ ವಿಭೂತಿ ಇಟ್ಟುಕೊಂಡೇ ಓಡಲು ಬರುತ್ತಿದ್ದರು. ನನ್ನ ಗಂಡ ಲಾರಿಗಳ ವೈರಿಂಗ್ ಕೆಲಸ ಮಾಡುತ್ತಾರೆ. ಸಾಹುಕಾರರ ಶೇಂಗಾ ಲಾರಿಗಳು ನಮ್ಮ ಅಂಗಡಿ ಮುಂದೆ ನಿಲ್ಲುತ್ತಿದ್ದುದರಿಂದ ಮುಖಪರಿಚಯವಿತ್ತು, ಮಾತಿರಲಿಲ್ಲ. ಒಂದು ಬೆಳಿಗ್ಗೆ ಅವರೇ ಪಕ್ಕಕ್ಕೆ ಬಂದು, "ಟೀಚರಮ್ಮ, ನೀವು ಓಡೋರಂಗೆ ನಡೀತೀರಿ. ಒಂದಿನ ಓಡೇ ನೋಡ್ರಿ" ಅಂದರು. ನಾನು ನಕ್ಕು ಮುಂದೆ ಹೋದೆ. ಮಾರನೆಯ ದಿನ ಯಾರೂ ಇಲ್ಲದ ಮೂಲೆಯಲ್ಲಿ ನೂರು ಹೆಜ್ಜೆ ಓಡಿದೆ. ಉಸಿರು ಕಟ್ಟಿತು, ಆದರೆ ಹೈಸ್ಕೂಲು ಬಿಟ್ಟ ಮೇಲೆ ಓಡಿದ ಮೊದಲ ನೂರು ಹೆಜ್ಜೆ ಅವು. ಎದೆ ಹಗುರಾಯಿತು.

ಎರಡು ವರ್ಷದಲ್ಲಿ ನಾನು ಹತ್ತು ಕಿಲೋಮೀಟರ್ ಓಡುವವಳಾದೆ. ಸಾಹುಕಾರರು ನನ್ನನ್ನು ಮಗಳಂತೆ ಏಕವಚನದಲ್ಲಿ ಕರೆಯತೊಡಗಿದ್ದರು. ಕುದಾಪುರದ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳು ನಮ್ಮ ಜೊತೆ ಸೇರಿಕೊಂಡಿದ್ದಳು. ಹೊರ ಜಿಲ್ಲೆಯವಳು, ಇಪ್ಪತ್ತೇಳರ ಆಸುಪಾಸು, ಗಾಳಿಯಂತೆ ಓಡುತ್ತಿದ್ದಳು. ಭಾನುವಾರಗಳಲ್ಲಿ ನಾವು ಮೂವರೂ ವರವು ಕಾವಲಿನ ಹುಲ್ಲುಗಾವಲ ಕಡೆ ಹೋಗಿ, ಸಂಶೋಧನಾ ಸಂಸ್ಥೆಗಳ ಗೋಡೆ ಇನ್ನೂ ಏಳದೆ ಉಳಿದ ಹುಲ್ಲಿನ ಅಂಚಿನಲ್ಲಿ ಓಡಿ ಬರುತ್ತಿದ್ದೆವು.

ಮೊಳಕಾಲ್ಮೂರಿನ ಸುತ್ತಲ ಬೆಟ್ಟಗಳಲ್ಲಿ ತಂಡದ ಓಟ ಇಟ್ಟಿದ್ದಾರೆಂಬ ಸುದ್ದಿಯನ್ನು ತಂದವಳು ಆ ಹುಡುಗಿಯೇ. ಒಂದು ತಂಡಕ್ಕೆ ನಾಲ್ಕು ಜನ. ನಾಲ್ವರೂ ಸೇರಿ ಎಂಬತ್ತು ಕಿಲೋಮೀಟರ್ ಮುಗಿಸಬೇಕು. ಒಬ್ಬರು ತಮ್ಮ ಪಾಲಿನ ಇಪ್ಪತ್ತನ್ನು ಓಡಿ ಬಂದು ಮಣಿಕಟ್ಟಿನ ಕೆಂಪು ಬಟ್ಟೆಯ ಪಟ್ಟಿಯನ್ನು ಬಿಚ್ಚಿ ಮುಂದಿನವರಿಗೆ ಕಟ್ಟಬೇಕು, ಆಮೇಲೆ ಅವರು ಹೊರಡಬೇಕು. ರಸ್ತೆಯಲ್ಲ, ಬಂಡೆಗಲ್ಲು, ಜಾಲಿ ಮುಳ್ಳು, ಏರು, ಇಳಿಜಾರು. ನಾಲ್ವರಲ್ಲಿ ಒಬ್ಬರು ಸೋತರೂ ಉಳಿದ ಮೂವರು ಓಡಿದ್ದಕ್ಕೆ ಲೆಕ್ಕವಿಲ್ಲ.

ನಾಲ್ಕನೆಯವರನ್ನು ನಾನೇ ಹುಡುಕಿದೆ. ನನ್ನ ಕ್ಲಾಸಿನ ಒಬ್ಬ ಹುಡುಗಿಯ ತಂದೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ದಿನವಿಡೀ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಸೊಂಟ ಹಿಡಿಯುತ್ತದೆಂದು ಬೆಳಿಗ್ಗೆ ಎದ್ದು ಊರ ಹಿಂದಿನ ಬೆಟ್ಟ ಹತ್ತಿ ಇಳಿಯುವುದನ್ನು ಚಿಕ್ಕಂದಿನಿಂದ ರೂಢಿ ಮಾಡಿಕೊಂಡಿದ್ದರು. ನಲವತ್ತೆಂಟು ವರ್ಷ, ಒಣಕಲು ಮೈ. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ನಾನು ಕೇಳಿದಾಗ ಮಗ್ಗದಿಂದ ತಲೆ ಎತ್ತದೆ, ಶೂ ಇಲ್ಲವಲ್ಲ ಅಂದರು. ಸಾಹುಕಾರರು ಕೊಡಿಸುತ್ತಾರೆ ಅಂದೆ. ಬೇಡ, ಬೇಕಾದರೆ ತಾನೇ ಕೊಳ್ಳುತ್ತೇನೆ ಅಂದರು, ಕೊಂಡರು ಕೂಡ. ಬೆಟ್ಟದಲ್ಲಿ ನಮಗೆಲ್ಲ ಕಾಲಿಡುವುದು ಹೇಗೆಂದು ಕಲಿಸಿದವರು ಅವರೇ. ಇಳಿಯುವಾಗ ಕಲ್ಲು ನೋಡಬೇಡಿ, ಕಲ್ಲುಗಳ ನಡುವಿನ ಜಾಗ ನೋಡಿ ಅನ್ನುತ್ತಿದ್ದರು. ನಾನು ಜಾರಿ ಕೂತಾಗಲೆಲ್ಲ "ಪರವಾಲೇದು ಮೇಡಂ, ಪರವಾಲೇದು" ಅಂದು ಕೈ ಕೊಡುತ್ತಿದ್ದರು.

ಸಾಹುಕಾರರಿಗೆ ಈ ಓಟ ಒಂದು ತಪಸ್ಸಿನಂತೆ ಆಗಿತ್ತು. ಅವರ ಬಲ ಮಂಡಿಯ ಸವೆತ ನೋಡಿದ ಡಾಕ್ಟರು ಆಪರೇಷನ್ ಆಗಲೇಬೇಕು, ಆದ ಮೇಲೆ ಓಡುವ ಮಾತಿಲ್ಲ ಎಂದು ಹೇಳಿದ್ದರು. ಇದೊಂದನ್ನು ಮುಗಿಸಿ ಮಲಗುತ್ತೇನೆ ಎಂದು ಅವರು ಗಡುವು ಪಡೆದುಕೊಂಡು ಬಂದಿದ್ದರು. ಅದು ನಮಗೆಲ್ಲ ಗೊತ್ತಿತ್ತು. ಅವರ ಪಾಲಿಗೆ ಏರು ಕಡಿಮೆ ಇರುವ ಎರಡನೆಯ ಭಾಗವನ್ನು ಬಿಟ್ಟುಕೊಟ್ಟೆವು. ಮೊದಲನೆಯದು ಕುದಾಪುರದ ಹುಡುಗಿಗೆ, ಕೊನೆಯ ಕಡಿದಾದ ಭಾಗ ನೇಕಾರರಿಗೆ, ಮೂರನೆಯದು ನನಗೆ.

ಓಟದ ದಿನ ಬೆಳಿಗ್ಗೆ ಆರಕ್ಕೆ ಮೊಳಕಾಲ್ಮೂರಿನ ಮೈದಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ತಂಡಗಳು ಸೇರಿದ್ದವು. ಮಾಗಿಯ ಚಳಿ, ಬೆಟ್ಟದ ಸಾಲಿನ ಮೇಲೆ ತೆಳುವಾಗಿ ಮಂಜು. ಹುಡುಗಿ ತನ್ನ ಭಾಗವನ್ನು ಎಲ್ಲರಿಗಿಂತ ಎರಡನೆಯವಳಾಗಿ ಮುಗಿಸಿದಳು. ಸಾಹುಕಾರರು ತಮ್ಮ ಇಪ್ಪತ್ತು ಕಿಲೋಮೀಟರಿಗೆ ಮೂರು ಗಂಟೆಗೂ ಮೇಲೆ ತೆಗೆದುಕೊಂಡರು. ನಾನು ಕಾಯುತ್ತಿದ್ದ ಹುಣಸೆ ಮರದ ಕಡೆಗೆ ಅವರು ಬರುವುದು ದೂರದಿಂದಲೇ ಕಾಣಿಸಿತು. ಬಲಗಾಲನ್ನು ಪಕ್ಕಕ್ಕೆ ಎಳೆದು ಎಳೆದು ಹಾಕುತ್ತಿದ್ದರು. ಹಲ್ಲು ಕಚ್ಚಿಕೊಂಡಿದ್ದರು. ಹಣೆಯ ವಿಭೂತಿ ಬೆವರಲ್ಲಿ ಹರಿದು ಹುಬ್ಬಿಗೆ ಬಂದಿತ್ತು. ಪಟ್ಟಿಯನ್ನು ನನ್ನ ಮಣಿಕಟ್ಟಿಗೆ ಕಟ್ಟಿದರು. ಹೋಗಿ ಬಾರವ್ವ ಎಂದಷ್ಟೇ ಅಂದರು. ಆಗ ಹನ್ನೊಂದೂವರೆ ದಾಟಿತ್ತು.

ನನ್ನ ಭಾಗದ ಮೊದಲ ಹತ್ತು ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಅಲ್ಲಿಂದ ಮುಂದೆ ಒಂದು ಗುಡ್ಡದ ಬುಡ ಸಿಗುತ್ತದೆ. ಬುಡದಿಂದ ತುದಿಗೆ ಹತ್ತಿ, ಅಲ್ಲಿ ಕೂತ ಸ್ವಯಂಸೇವಕರಿಗೆ ನಂಬರ್ ತೋರಿಸಿ, ಇನ್ನೊಂದು ಕಡೆಯಿಂದ ಇಳಿದು ಮುಂದಿನ ದಾರಿ ಸೇರಬೇಕು. ದಾರಿ ತಿಳಿಯಲೆಂದು ಗಿಡಗಳಿಗೆ ಹಳದಿ ಪಟ್ಟಿ ಕಟ್ಟಿದ್ದರು. ಒಂದು ಕವಲಿನಲ್ಲಿ ನನಗೆ ಯಾವ ಪಟ್ಟಿಯೂ ಕಾಣಲಿಲ್ಲ. ಅಲ್ಲಿ ಕಟ್ಟಿದ್ದನ್ನು ಮೇಕೆಗಳು ತಿಂದು ಹಾಕಿದ್ದವೆಂದು ಆಮೇಲೆ ತಿಳಿಯಿತು. ಎಡಕ್ಕೆ ಸವೆದ ದಾರಿ ಇತ್ತು, ಬಲಕ್ಕೆ ಬರೀ ಕಲ್ಲು. ನಾನು ಎಡಕ್ಕೆ ಹೋದೆ. ಬಿಸಿಲು ನೆತ್ತಿಗೇರಿತ್ತು, ಎಡಗಾಲಿನ ಮೀನಖಂಡ ಆಗಾಗ ಗಂಟು ಹಾಕಿಕೊಳ್ಳುತ್ತಿತ್ತು. ದಾರಿ ಯಾಕೆ ಏರುತ್ತಿಲ್ಲ ಎಂದು ಒಮ್ಮೆ ಅನ್ನಿಸಿದ್ದು ನಿಜ. ಮುಂದೆ ಏರಬಹುದು ಅಂದುಕೊಂಡೆ.

ಕಾಲು ಗಂಟೆಯ ನಂತರ ಮತ್ತೆ ಹಳದಿ ಪಟ್ಟಿ ಕಂಡಿತು. ನೆಮ್ಮದಿಯಿಂದ ಅದರ ಹತ್ತಿರ ಹೋದೆ. ಆಗ ನೋಡಿದರೆ ಪಟ್ಟಿಗಳ ಸಾಲು ನನ್ನ ಬಲಗಡೆಯ ಗುಡ್ಡದಿಂದ ಇಳಿದು ಬರುತ್ತಿತ್ತು. ತುದಿಯನ್ನು ಮುಟ್ಟಿ ಬಂದವರ ದಾರಿ ಅದು. ನಾನು ಬುಡವನ್ನು ಬಳಸಿಕೊಂಡು ಬಂದು ಅದೇ ದಾರಿಯನ್ನು ಕೆಳಗೆ ಸೇರಿದ್ದೆ. ಗುಡ್ಡ ನನ್ನ ಬೆನ್ನ ಹಿಂದೆ ಹಾಗೇ ನಿಂತಿತ್ತು.

ಅಲ್ಲಿ ನಿಂತೆ. ಎಷ್ಟು ಹೊತ್ತು ಎಂದು ಕೇಳಿದರೆ, ಬಾಟಲಿಯ ಮುಚ್ಚಳ ತೆಗೆದು ಎರಡು ಗುಟುಕು ನೀರು ಕುಡಿದು ಮುಚ್ಚಳ ಹಾಕುವಷ್ಟು ಹೊತ್ತು. ಇದೇ ದಾರಿಯಲ್ಲಿ ಹತ್ತಿ, ತುದಿ ಮುಟ್ಟಿ, ವಾಪಸ್ಸು ಇಳಿದರೆ ಮುಗಿಯುತ್ತಿತ್ತು. ಮುಕ್ಕಾಲು ಗಂಟೆಯ ಕೆಲಸ. ಮೇಲೆ ನೋಡಿದೆ. ಬಂಡೆಗಳಿಂದ ಬಿಸಿ ಹೊಗೆಯಂತೆ ಏಳುತ್ತಿತ್ತು. ಸಾಹುಕಾರರ ಎಳೆಯುವ ಕಾಲು ಕಣ್ಣ ಮುಂದೆ ಬಂತು. ಅವರು ಅಷ್ಟು ಕಷ್ಟಪಟ್ಟು ಉಳಿಸಿಕೊಟ್ಟ ಸಮಯವನ್ನು ನಾನು ಇಲ್ಲಿ ಕಳೆಯಬೇಕೇ ಎಂದು ಮನಸ್ಸು ವಾದ ಹೂಡಿತು. ಅದು ಸುಳ್ಳು ವಾದವೆಂದು ಆಗಲೇ ತಿಳಿದಿತ್ತು. ನನ್ನ ಕಾಲು ನೋಯುತ್ತಿತ್ತು, ನನಗೆ ಹತ್ತಲು ಮನಸ್ಸಿರಲಿಲ್ಲ, ಅಷ್ಟೇ. ದಾರಿ ತಪ್ಪಿದ್ದನ್ನು ಕೆಂಪು ಪಟ್ಟಿ ಬದಲಿಸುವ ಜಾಗದಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡು ಕೆಳಗೆ ಇಳಿದೆ.

ಆ ಜಾಗದಲ್ಲಿ ನೇಕಾರರು ಆಗಲೇ ಗೆರೆಯ ಮೇಲೆ ನಿಂತು ಕೈ ಚಾಚಿದ್ದರು. ನಾನು ಬೇಗ ಬಂದೆನೆಂದು ಅವರ ಮುಖ ಅರಳಿತ್ತು. ಪಟ್ಟಿಯನ್ನು ನನ್ನ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡರು. ಕಟ್ಟಿಕೊಳ್ಳುವಾಗ ಎದುರಾಬದುರಾಗಿ ನಿಂತ ಆ ಕ್ಷಣ ಮಾತಾಡಬಹುದಿತ್ತು. ನಾನು ಏದುಸಿರು ಬಿಡುತ್ತಿದ್ದೆ. ಅವರು ಹೊರಟೇ ಹೋದರು.

ಸಂಜೆ ಐದಕ್ಕೆ ಮುಂಚೆ ಅವರು ಮೈದಾನಕ್ಕೆ ಬಂದರು. ನಾವು ಮೂವರೂ ಕೊನೆಯ ನೂರು ಮೀಟರ್ ಅವರ ಜೊತೆ ಹೆಜ್ಜೆ ಹಾಕಿದೆವು. ಸಾಹುಕಾರರು ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡೇ ಕುಂಟುತ್ತಾ ಬಂದರು. ನಮಗೆ ಮೂರನೆಯ ಸ್ಥಾನ. ಹುಡುಗಿ ನನ್ನನ್ನು ತಬ್ಬಿಕೊಂಡಳು. ಸಾಹುಕಾರರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮಿಲ್ಲಿನಲ್ಲಿ ಅವರ ದನಿಗೆ ಆಳುಗಳೆಲ್ಲ ಹೆದರುವುದನ್ನು ಕೇಳಿದ್ದವಳಿಗೆ ಅದನ್ನು ನೋಡಲಾಗಲಿಲ್ಲ.

ಆಗ ಓಟದ ಉಸ್ತುವಾರಿ ಹೊತ್ತಿದ್ದ ನಿವೃತ್ತ ಸೈನಿಕರೊಬ್ಬರು ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ನಮ್ಮ ಕಡೆ ಬಂದರು. ಗುಡ್ಡದ ತುದಿಯಲ್ಲಿ ಕೂತಿದ್ದ ಇಬ್ಬರು ಸ್ವಯಂಸೇವಕರಲ್ಲಿ ಒಬ್ಬರು ಬಿಸಿಲಿಗೆ ತಲೆ ತಿರುಗಿ ಬಿದ್ದರಂತೆ, ಇನ್ನೊಬ್ಬರು ಅವರನ್ನು ಹಿಂಬದಿಯ ಕಾಲುದಾರಿಯಲ್ಲಿ ಕೆಳಗಿಳಿಸಿಕೊಂಡು ಹೋದರಂತೆ. ಎರಡು ಗಂಟೆ ಕಾಲ ಮೇಲೆ ಬರೆದುಕೊಳ್ಳುವವರೇ ಇರಲಿಲ್ಲ. ಆ ಹೊತ್ತಿನಲ್ಲಿ ಓಡಿದವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದೇನೆ ಎಂದರು. ಓಡಿದವರು ಹೇಳಿದ್ದೇ ನನಗೆ ದಾಖಲೆ ಎಂದೂ ಹೇಳಿದರು.

"ನೀವು ತುದಿ ಮುಟ್ಟಿ ಬಂದ್ರಲ್ವಾ ಮೇಡಂ?"

"ಹೂಂ ಸರ್" ಅಂದೆ.

ಅವರು ನಂಬರಿನ ಮುಂದೆ ಗುರುತು ಹಾಕಿಕೊಂಡು ಮುಂದೆ ಹೋದರು. ದಾರಿ ತಪ್ಪಿದ್ದು ಆಕಸ್ಮಿಕ. ಇಳಿದು ಬಂದದ್ದು ದೌರ್ಬಲ್ಯ. ಆದರೆ ಈ ಒಂದು ಮಾತನ್ನು ನಾನು ನೆಟ್ಟಗೆ ನಿಂತು, ಅವರ ಕಣ್ಣು ನೋಡಿ ಹೇಳಿದ್ದೆ. ಯೋಚಿಸಲು ಬೇಕಾದಷ್ಟು ಸಮಯವಿತ್ತು.

ಮೂರನೆಯ ಸ್ಥಾನಕ್ಕೆ ಕೊಟ್ಟ ಕಪ್ಪನ್ನು ಎತ್ತಿಕೊಂಡು ನಾಲ್ವರೂ ಫೋಟೋ ತೆಗೆಸಿಕೊಂಡೆವು. ಕಪ್ಪು ಯಾರ ಮನೆಯಲ್ಲಿರಬೇಕೆಂಬ ಮಾತು ಬಂದಾಗ ಸಾಹುಕಾರರು, ಕೊನೆಯ ಬೆಟ್ಟ ಹತ್ತಿದವರ ಮನೆಯಲ್ಲಿರಲಿ ಅಂದರು. ನೇಕಾರರು ಅದನ್ನು ಹೊಸ ಶಾಲಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದರು.

ಮನೆಗೆ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಸುಸ್ತು ಅಂದರು ಎಲ್ಲರೂ. ಮಾರನೆಯ ದಿನವೇ ಹೇಳೋಣ ಅಂದುಕೊಂಡೆ. ಮಾರನೆಯ ದಿನ ಸಾಹುಕಾರರು ಮೈದಾನಕ್ಕೆ ಮಿಠಾಯಿ ಡಬ್ಬಿ ತಂದು, ನಡೆಯಲು ಬಂದವರಿಗೆಲ್ಲ ಹಂಚಿ, ಈ ಟೀಚರಮ್ಮ ಮೂರನೇ ಭಾಗ ಎಂಥಾ ಓಟ ಓಡಿದಳು ಎಂದು ಹೇಳುತ್ತಿದ್ದರು. ಹೇಳುವುದು ಒಂದು ದಿನ ಮುಂದೆ ಹೋಯಿತು. ಹೀಗೆ ಮುಂದೆ ಹೋದಷ್ಟೂ ಅದು ಕಷ್ಟವಾಗುತ್ತಾ ಬಂತು.

ಎಂಟನೆಯ ದಿನ ನಮ್ಮ ಶಾಲೆಯ ಪ್ರಾರ್ಥನೆಯ ವೇಳೆಗೆ ಹೆಡ್‌ಮಾಸ್ತರು ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂದರು. ಮೊಳಕಾಲ್ಮೂರಿನ ಬೆಟ್ಟಗಳನ್ನು ದಿನವೂ ನೋಡಿ ಬೆಳೆದ ಮಕ್ಕಳು, ಸಾಲು ಸಾಲಾಗಿ ಕೂತಿದ್ದರು. ನಾನು ಬೆಳಗಿನ ಮಂಜಿನ ಬಗ್ಗೆ, ಸಾಹುಕಾರರ ಮಂಡಿಯ ಬಗ್ಗೆ ಹೇಳಿದೆ. ನೇಕಾರರ ಬಗ್ಗೆ ಹೇಳಿದಾಗ ಅವರ ಮಗಳು ತಲೆ ತಗ್ಗಿಸಿ ನಕ್ಕಳು, ಪಕ್ಕದವರು ಅವಳನ್ನು ಮೊಣಕೈಯಿಂದ ತಿವಿದರು. ಮುಗಿಸುವ ಹೊತ್ತಿಗೆ ಎಂಟನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ಆ ಗುಡ್ಡದ ತುದೀಲಿ ಏನೈತೆ?"

ಒಂದು ಕಲ್ಲಿನ ಸಣ್ಣ ಗುಡಿ ಇದೆ ಅಂದೆ, ಅಲ್ಲಿಂದ ನೋಡಿದರೆ ನಮ್ಮ ಶಾಲೆಯೂ ಕಾಣುತ್ತದೆ ಅಂದೆ. ಗುಡಿಯ ವಿಷಯ ಕುದಾಪುರದ ಹುಡುಗಿಯಿಂದ ಕೇಳಿದ್ದೆ; ಶಾಲೆ ಕಾಣುವುದು ನಾನೇ ಕಟ್ಟಿದ್ದು. ಆ ಮಗು ಕತ್ತು ಹೊರಳಿಸಿ ಗುಡ್ಡದ ಕಡೆ ಒಮ್ಮೆ ನೋಡಿ, ತಲೆಯಾಡಿಸಿ ಕೂತಳು. ಪೂರ್ತಿ ನಂಬಿದ್ದಳು. ಆ ದಿನ ನಾನು ಬೆಳಕಿನ ಪ್ರತಿಫಲನದ ಪಾಠ ಮಾಡಬೇಕಿತ್ತು. ಬೋರ್ಡಿನ ಮೇಲೆ ಚಿತ್ರ ಬರೆದು, ನಿಮ್ಮಷ್ಟಕ್ಕೆ ಬರೆದುಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ನಿಂತುಬಿಟ್ಟೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಗಂಡನಿಗೆ ಹೇಳಿದೆ. ಅವರು ಮಾತು ಕಡಿಮೆಯ ಮನುಷ್ಯ. ಚಹಾದ ಲೋಟ ಪಕ್ಕಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು. ಬೇರೆಯವರಿಗೆ ಗೊತ್ತಾಗುತ್ತದೋ ಇಲ್ಲವೋ ಎಂದು ಅವರು ಕೇಳಲೇ ಇಲ್ಲ. ಮೂರು ಜನರ ಬೆವರು ಅದರಲ್ಲಿದೆ, ಮೊದಲು ಅವರಿಗೆ ಹೇಳು ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿ, ನಾನೂ ಬರಲೇ ಎಂದು ಕೇಳಿದರು. ಬೇಡ ಅಂದೆ.

ಮಿಲ್ಲಿನ ಆಫೀಸಿನಲ್ಲಿ ಸಾಹುಕಾರರು ಒಬ್ಬರೇ ಇದ್ದರು. ಹೊರಗೆ ಶೇಂಗಾ ಸುಲಿಯುವ ಯಂತ್ರದ ಸದ್ದು. ಮುಂದಿನ ವಾರ ಆಪರೇಷನ್ನಿಗೆ ದಾವಣಗೆರೆಗೆ ಹೋಗುವ ತಯಾರಿಯಲ್ಲಿದ್ದರು. ನಾನು ನಿಂತುಕೊಂಡೇ ಹೇಳಿದೆ. ಕವಲಿನಿಂದ ಹಿಡಿದು ಶಾಲೆಯ ಪ್ರಾರ್ಥನೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವರು ಮೇಜಿನ ಗಾಜಿನ ಮೇಲೆ ಬೆರಳಿಟ್ಟು ಹಾಗೇ ಕೂತಿದ್ದರು. ಅವರು ಬೈದಿದ್ದರೆ ಸುಲಭವಾಗುತ್ತಿತ್ತು.

ಎದುರಿನ ಕುರ್ಚಿ ತೋರಿಸಿ, "ಕುತ್ಕಳವ್ವ" ಅಂದರು. ಕೂತೆ.

"ನನ್ ಕಾಲ್ ನೋಡಿ ಹಂಗ್ ಮಾಡ್ದೇನು?"

ಹೂಂ ಅಂದಿದ್ದರೆ ಅವರು ಕ್ಷಮಿಸಿಬಿಡುತ್ತಿದ್ದರು. ಆ ಬಾಗಿಲನ್ನು ಅವರೇ ತೆರೆದು ಕೊಟ್ಟಿದ್ದರು. ಇಲ್ಲ, ನನ್ನ ಕಾಲು ನೋಯುತ್ತಿತ್ತು, ಹತ್ತಲು ಮನಸ್ಸಾಗಲಿಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿದರು.

"ಸರಿ. ಕಪ್ ನಮ್ದಲ್ಲ. ವಾಪಸ್ ಕೊಡಾಣ" ಅಂದರು. ನಂತರ ಆಳನ್ನು ಕರೆದು ನನಗೆ ನೀರು ತರಿಸಿದರು. ಅವರ ಕಣ್ಣು ಮಾತ್ರ ನನ್ನ ಕಡೆ ಬರಲಿಲ್ಲ. ಕೊನೆಯ ಓಟ ಓಡಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದವರು, ಆ ಓಟವೇ ಇಲ್ಲವಾಯಿತು ಎನ್ನುವುದನ್ನು ಅರಗಿಸಿಕೊಳ್ಳುತ್ತಿದ್ದರು. ಅದನ್ನು ನೋಡುತ್ತಾ ಕೂರುವುದೂ ನನ್ನ ಪಾಲಿನದೇ ಎಂದು ಕೂತಿದ್ದೆ.

ಕುದಾಪುರದ ಹುಡುಗಿಗೆ ಫೋನಿನಲ್ಲಿ ಹೇಳಿದೆ. ಅಕ್ಕ, ಬಿಡಿ, ಒಂದು ಓಟ ತಾನೇ ಅಂದಳು. ಆದರೆ ಸಂಜೆಯ ಹೊತ್ತಿಗೆ ಅವಳ ವಾಟ್ಸಾಪ್ ಡಿಪಿಯಲ್ಲಿದ್ದ ನಮ್ಮ ನಾಲ್ವರ ಫೋಟೋ ಹೋಗಿ ಅಲ್ಲಿ ಖಾಲಿ ಆಕಾಶದ ಚಿತ್ರ ಬಂದಿತ್ತು.

ನೇಕಾರರ ಮನೆಗೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋದೆ. ಮುಂದಿನ ಕೋಣೆಯಲ್ಲಿ ಮಗ್ಗ, ಅದರ ಪಕ್ಕದ ಗೂಡಿನಲ್ಲಿ, ದೇವರ ಪಟಗಳ ಸಾಲಿನಲ್ಲೇ, ಕಪ್ಪು. ಅವರು ಮಗ್ಗದಲ್ಲಿ ಕೂತಿದ್ದರು. ಅರ್ಧ ನೇಯ್ದ ಸೀರೆಯ ಅಂಚು ನೇರಳೆ ಬಣ್ಣದ್ದು. ಹೆಂಡತಿ ನನಗೆ ಚಾಪೆ ಹಾಸಿದರು. ನಾನು ಹೇಳುತ್ತಾ ಹೋದಂತೆ ಲಾಳಿ ನಿಂತಿತು. ಹೆಂಡತಿ ತೆಲುಗಿನಲ್ಲಿ ಏನೋ ಕೇಳಿದರು, ಅವರು ಲಾಳಿಯನ್ನು ಪಕ್ಕಕ್ಕಿಟ್ಟರು.

ಸಿಟ್ಟು ಬರುವುದೆಂದು ಎಣಿಸಿದ್ದೆ. ಅವರ ಮುಖದಲ್ಲಿ ಬಂದದ್ದು ಸಿಟ್ಟಿಗಿಂತ ಹೆಚ್ಚಾಗಿ ಅರ್ಥವಾಗದ ದುಃಖ.

"ನನಗೆ ಅಲ್ಲೇ ಹೇಳ್ಬೇಕಿತ್ತು ಮೇಡಂ" ಅಂದರು. "ತಪ್ಪಿದ್ದನ್ನ ತಂಡದಲ್ಲಿ ಇನ್ನೊಬ್ರು ಹತ್ತಿ ಬರಬೌದು ಅಂತ ಇತ್ತಲ್ಲ. ನಾನು ಹತ್ತಿ ಬರ್ತಿದ್ದೆ. ನನಗೇನು ಅದು, ದಿನಾ ಬೆಟ್ಟ ಹತ್ತೋನು."

ಹೌದು, ಓಟದ ಹಿಂದಿನ ದಿನ ನಿಯಮ ಓದಿ ಹೇಳುವಾಗ ನಾನೂ ಅಲ್ಲಿದ್ದೆ. ಕೇಳಿಸಿಕೊಂಡಿದ್ದೆ. ಆ ಗುಡ್ಡದ ಕೆಳಗೆ ನಿಂತಾಗ ಅದು ನೆನಪಿಗೇ ಬಂದಿರಲಿಲ್ಲ. ಅಲ್ಲಿ ನಾನು ನನ್ನೊಬ್ಬಳ ಕಾಲು, ನನ್ನೊಬ್ಬಳ ಉಸಿರು, ನನ್ನೊಬ್ಬಳ ಮರ್ಯಾದೆ ಎಂದೇ ಲೆಕ್ಕ ಹಾಕಿದ್ದೆ. ಮುಂದೆ ಒಬ್ಬರು ಕೈ ಚಾಚಿಕೊಂಡು ನಿಂತಿದ್ದಾರೆ, ನನಗಾಗದ್ದನ್ನು ಅವರಿಗೆ ಕೊಡಬಹುದು ಎಂದು ಹೊಳೆಯಲೇ ಇಲ್ಲ. ಒಂದು ವರ್ಷ ಜೊತೆಯಾಗಿ ಓಡಿದ್ದು ಅದಕ್ಕಾಗಿಯೇ ಆಗಿತ್ತು.

ಅವರು ಮಗ್ಗದಿಂದ ಎದ್ದು, ಗೂಡಿನಿಂದ ಕಪ್ಪು ತೆಗೆದು, ಅದೇ ಶಾಲಿನಲ್ಲಿ ಸುತ್ತಿ ನನ್ನ ಮುಂದೆ ಇಟ್ಟರು. ಅವರ ಮಗಳು ಶಾಲೆಯಿಂದ ಊಟಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ತಿಳಿಯದು. ಒಳಗೆ ಬರಲಿಲ್ಲ.

ನಿವೃತ್ತ ಸೈನಿಕರಿಗೆ ಪತ್ರ ಬರೆದೆ. ಎರಡು ದಿನದಲ್ಲಿ ಅವರೇ ಫೋನ್ ಮಾಡಿದರು. ನಮ್ಮ ತಂಡದ ಹೆಸರನ್ನು ಪಟ್ಟಿಯಿಂದ ತೆಗೆಯುವುದಾಗಿಯೂ, ಮೂರನೆಯ ಸ್ಥಾನ ನಾಲ್ಕನೆಯವರಿಗೆ ಸೇರುವುದಾಗಿಯೂ ಹೇಳಿದರು. ಆ ತಂಡ ರಾಯದುರ್ಗದ್ದು. ಅದರ ಮೂರನೆಯ ಭಾಗ ಓಡಿದವರು ಒಬ್ಬ ನರ್ಸು. ಅವರೂ ಅದೇ ಕವಲಿನಲ್ಲಿ ದಾರಿ ತಪ್ಪಿದ್ದರಂತೆ. ನಿಂತ ಜಾಗವೂ ಅದೇ. ಅಲ್ಲಿಂದ ವಾಪಸ್ಸು ಗುಡ್ಡ ಹತ್ತಿ, ತುದಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಸ್ವಯಂಸೇವಕರು ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ತಮ್ಮ ನಂಬರನ್ನು ತಾವೇ ಬರೆದು ಇಳಿದಿದ್ದರಂತೆ. ಸೈನಿಕರು ನನ್ನನ್ನು ನೋಯಿಸಬೇಕೆಂದು ಅದನ್ನು ಹೇಳಲಿಲ್ಲ. ಕೇಳಿ ನಾನು ಫೋನನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂತೆ.

ಶಾಲೆಯ ಮಕ್ಕಳ ಮುಂದೆ ನಿಂತದ್ದು ಎಲ್ಲಕ್ಕಿಂತ ಕಷ್ಟವಾಯಿತು. ಹೆಡ್‌ಮಾಸ್ತರು ಬೇಡ ಅಂದರು, ಮಕ್ಕಳಿಗೆ ಇವೆಲ್ಲ ಯಾಕೆ ಮೇಡಂ, ಶಾಲೆಯ ಹೆಸರೂ ಇದೆಯಲ್ಲ ಅಂದರು. ನಾನು ಸುಳ್ಳು ಹೇಳಿದ್ದು ಮಕ್ಕಳಿಗೇ, ಆದ್ದರಿಂದ ಅವರಿಗೇ ಹೇಳಬೇಕು ಅಂದೆ. ಪ್ರಾರ್ಥನೆ ಮುಗಿದ ಮೇಲೆ ನಾಲ್ಕೇ ವಾಕ್ಯದಲ್ಲಿ ಹೇಳಿದೆ. ಗುಡ್ಡದ ತುದಿಗೆ ನಾನು ಹೋಗಿಲ್ಲ. ಅಲ್ಲಿಂದ ಶಾಲೆ ಕಾಣುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗಿ ಬಂದೆನೆಂದು ಹೇಳಿದ್ದು ಸುಳ್ಳು. ಕಪ್ಪನ್ನು ವಾಪಸ್ಸು ಕೊಡುತ್ತಿದ್ದೇವೆ. ವೇದಿಕೆಯಿಂದ ಇಳಿಯುವಾಗ ನನ್ನ ಚಪ್ಪಲಿಯ ಸದ್ದು ನನಗೇ ಜೋರಾಗಿ ಕೇಳಿಸಿತು. ಪ್ರಶ್ನೆ ಕೇಳಿದ್ದ ಹುಡುಗಿ ಮುಂದೆ ಕೆಲವು ವಾರ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಪಕ್ಕದವರ ಹಾಳೆ ನೋಡಿದ್ದಕ್ಕೆ ನಾನು ಹಿಂದೆ ಎಷ್ಟೋ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದ್ದುಂಟು. ಆ ವರ್ಷ ಹಾಗೆ ಒಬ್ಬನನ್ನು ಹಿಡಿದಾಗ ಹಾಳೆ ಬದಲಿಸಿ ಕೊಟ್ಟು, ಪಕ್ಕದ ಬೆಂಚಿನಲ್ಲಿ ಕೂರಿಸಿ ಬರೆಸಿದೆ. ಸರಿಯೋ ತಪ್ಪೋ ಈಗಲೂ ಹೇಳಲಾರೆ.

ಕಪ್ಪನ್ನು ಅಂಚೆಯಲ್ಲಿ ಕಳಿಸಿದರೆ ಸಾಕು ಅಂದಿದ್ದರು ಸೈನಿಕರು. ಸಾಹುಕಾರರು ಒಪ್ಪಲಿಲ್ಲ. ಆಪರೇಷನ್ನಿಗೆ ಹೋಗುವ ಹಿಂದಿನ ದಿನ ತಮ್ಮ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ರಾಯದುರ್ಗಕ್ಕೆ ಹೊರಟರು. ದಾರಿಯಲ್ಲಿ ನೇಕಾರರ ಮನೆ ಮುಂದೆ ಕಾರು ನಿಲ್ಲಿಸಿ ಕರೆದರು. ಸೀರೆ ಇವತ್ತು ಮುಗಿಸಿ ಕೊಡಬೇಕು ಎಂದು ಅವರು ಬಾಗಿಲಲ್ಲೇ ಹೇಳಿದರು. ಕಾರು ಹೊರಟಾಗ ಒಳಗಿನಿಂದ ಮಗ್ಗದ ಸದ್ದು ಕೇಳಲಿಲ್ಲ.

ನರ್ಸಿನ ಮನೆ ಒಂದು ಓಣಿಯ ತುದಿಯಲ್ಲಿತ್ತು. ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದರು, ಮೂವತ್ತೈದರ ಹೆಂಗಸು, ಕೂದಲು ಒದ್ದೆ. ನಾವು ಯಾರೆಂದು ಹೇಳಿದ ಮೇಲೆ ಒಳಗೆ ಕರೆದು ಕೂರಿಸಿದರು. ಕಪ್ಪನ್ನು ಅವರ ಕೈಗೆ ಕೊಟ್ಟು, ಏನು ನಡೆಯಿತೆಂದು ಹೇಳಿ, ಕ್ಷಮಿಸಿ ಅಂದೆ. ಅವರು ಶಾಲನ್ನು ಬಿಚ್ಚದೆ ಕಪ್ಪನ್ನು ಮಡಿಲಲ್ಲಿಟ್ಟುಕೊಂಡರು.

"ನಾನೂ ಅಲ್ಲಿ ನಿಂತಿದ್ದೆ ಅಕ್ಕ" ಅಂದರು. "ತುಂಬಾ ಹೊತ್ತು ನಿಂತಿದ್ದೆ."

ಏನು ಯೋಚಿಸಿ ವಾಪಸ್ಸು ಹತ್ತಿದರು ಎಂದು ಕೇಳಬೇಕೆನಿಸಿತು, ಕೇಳುವ ಹಕ್ಕು ನನಗಿದೆ ಅನ್ನಿಸಲಿಲ್ಲ. ಮಜ್ಜಿಗೆ ಕೊಟ್ಟರು, ಕುಡಿದೆವು. ಸಾಹುಕಾರರು ಗೋಡೆ ಹಿಡಿದು ಏಳುವಾಗ ಅವರು ತಾವಾಗಿ ಬಂದು ತೋಳು ಹಿಡಿದು, ಮಂಡಿಯನ್ನು ಬಗ್ಗಿ ನೋಡಿ, ಆಪರೇಷನ್ ಆದ ಮೇಲೆ ಮೊದಲ ತಿಂಗಳು ಮಾಡಬೇಕಾದ ವ್ಯಾಯಾಮ ಹೇಳಿಕೊಟ್ಟರು.

ವಾಪಸ್ಸು ಬರುವಾಗ ಮೊಳಕಾಲ್ಮೂರಿನ ಬೆಟ್ಟಗಳು ಎದುರಾದಾಗ ಸಾಹುಕಾರರು, ತಾವು ಓಡಿದ ಇಪ್ಪತ್ತು ಕಿಲೋಮೀಟರ್ ತಮ್ಮ ಕಾಲಿಗೆ ಗೊತ್ತಿದೆ, ಅದನ್ನು ಯಾವ ಪಟ್ಟಿಯಿಂದಲೂ ತೆಗೆಯಲಾಗದು ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ತಮ್ಮನ್ನೋ, ತಿಳಿಯಲಿಲ್ಲ.

ಇದಾಗಿ ಮೂರು ವರ್ಷವಾಯಿತು. ಸಾಹುಕಾರರು ಈಗ ಕೋಲು ಹಿಡಿದು ಮೈದಾನದಲ್ಲಿ ಎರಡು ಸುತ್ತು ನಡೆಯುತ್ತಾರೆ, ಮೊದಲಿನ ಹಾಗೇ ಮಾತಾಡಿಸುತ್ತಾರೆ. ಹುಡುಗಿ ಬೇರೆ ಊರಿಗೆ ವರ್ಗವಾಗಿ ಹೋದಳು. ನೇಕಾರರು ಮರುವರ್ಷ ತಮ್ಮ ಬೀದಿಯ ಮೂವರನ್ನು ಸೇರಿಸಿಕೊಂಡು ಓಡಿದರು, ಆರನೆಯವರಾಗಿ ಬಂದರು. ನನ್ನನ್ನು ಕರೆಯಲಿಲ್ಲ. ನಾನೂ ಕೇಳಲಿಲ್ಲ. ಅವರ ಮಗಳು ಹತ್ತನೇ ತರಗತಿ ಮುಗಿಸುವವರೆಗೆ ಅವರು ಪೋಷಕರ ಸಭೆಗೆ ತಪ್ಪದೆ ಬಂದು, ನನ್ನ ಎದುರು ಕೂತು, ಅವಳ ಅಂಕಗಳ ಬಗ್ಗೆ ವಿಚಾರಿಸಿ, ನಮಸ್ಕಾರ ಹೇಳಿ ಎದ್ದು ಹೋಗುತ್ತಿದ್ದರು. ಬೆಟ್ಟದ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ಕಳೆದ ತಿಂಗಳು ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ನೂಲಿನ ಗಂಟು ಹೆಗಲ ಮೇಲಿತ್ತು. ನನ್ನ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಒಂದೇ ನೆರಳಿನಲ್ಲಿ ನಿಲ್ಲಬೇಕಾಯಿತು. ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆಂದು ಹೇಳಿದರು. ಸಂತೋಷ ಅಂದೆ. ಆಮೇಲೆ ಅವರು ಗಂಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿ, ರಸ್ತೆಯ ಕಡೆ ನೋಡುತ್ತಲೇ ಕೇಳಿದರು.

"ಓಡ್ತಾ ಇದೀರಾ ಮೇಡಂ?"

"ಓಡ್ತೀನಿ" ಅಂದೆ. "ಬೆಳಿಗ್ಗೆ, ಮೈದಾನದಲ್ಲಿ. ಒಬ್ಬಳೇ."

ಅವರು ತಲೆಯಾಡಿಸಿದರು. ಚಳ್ಳಕೆರೆಯ ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತಾಗ ಅವರು ಇನ್ನೂ ಅಲ್ಲೇ ನಿಂತಿದ್ದರು, ತಮ್ಮ ದಾರಿಗೆ ಹೋಗಿರಲಿಲ್ಲ.